ನಿಲ್ಸಕ್ಕನ ನಾಲ್ಕನೆಯ ಸಲ

"ನಿಲ್ಲಿಸಿ."

ಹೇಳಿದ ಮೇಲೆಯೇ ತಾನು ಹೇಳಿದ್ದು ಅವಳಿಗೆ ಗೊತ್ತಾಯಿತು. ಎಡಗೈಯ ವಾಕಿಟಾಕಿ ಬಾಯಿಗೆ ಬಂದಿತ್ತು, ಬಲಗೈ ತನ್ನಷ್ಟಕ್ಕೆ ತಾನೇ ಮೇಲೆ ಹೋಗಿತ್ತು. ನಾಲ್ಕನೆಯ ಅಂತಸ್ತಿನ ಮಟ್ಟದಲ್ಲಿ, ಎರಡು ಟನ್ನಿನ ಕಾಂಕ್ರೀಟ್ ಗೋಡೆಯೊಂದು ಕ್ರೇನಿನ ಸರಪಳಿಗಳಲ್ಲಿ ಜೋತುಕೊಂಡು ಅಲ್ಲೇ ನಿಂತುಬಿಟ್ಟಿತು. ಕೆಳಗೆ ಕಂಬಿ ಬಗ್ಗಿಸುತ್ತಿದ್ದವರು ಕೈ ನಿಲ್ಲಿಸಿದರು. ಸಿಮೆಂಟ್ ಕಲಸುವ ಯಂತ್ರವನ್ನು ಯಾರೋ ಆರಿಸಿದರು. ಆಫೀಸಿನ ಮುಂದೆ ಹೊಚ್ಚ ಹೊಸ ಬಿಳಿ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದ, ಸೈಟು ನೋಡಲು ಬಂದ ಮೂವರು ದೊಡ್ಡವರು ಮಾತನ್ನು ಅರ್ಧಕ್ಕೆ ಬಿಟ್ಟು, ಮೊದಲು ಗೋಡೆಯನ್ನೂ ಆಮೇಲೆ ಅವಳನ್ನೂ ನೋಡಿದರು.

ಇವತ್ತೇ ಆಗಬೇಕಿತ್ತೇ ಇದು, ಎಂದುಕೊಂಡಳು.

ಸೈಟಿನಲ್ಲಿ ಅವಳಿಗೆ ನಿಲ್ಸಕ್ಕ ಎಂದೇ ಹೆಸರು. ಕ್ರೇನಿಗೆ ಏನು ಕಟ್ಟಬೇಕು, ಯಾವಾಗ ಎತ್ತಬೇಕು, ಎಲ್ಲಿ ಇಳಿಸಬೇಕು ಎಂದು ಹೇಳುವ ಕೆಲಸ. ಸೇರಿ ಮೂರು ತಿಂಗಳಾಗಲು ಎರಡು ದಿನ ಬಾಕಿ. ಶನಿವಾರ ಕೆಲಸ ಕಾಯಂ ಆಗಬೇಕು, ಇಲ್ಲವೇ ಮರಳಿ ಸ್ಟೋರಿಗೆ ಹೋಗಬೇಕು. ಆರು ವರ್ಷ ಅವಳು ಸ್ಟೋರಿನ ಕಿಟಕಿಯ ಹಿಂದೆ ಕೂತು ಕೈಗವಸು, ಹೆಲ್ಮೆಟ್ ಹಂಚಿದವಳು. ರಜೆಯ ದಿನಗಳಲ್ಲಿ ತರಬೇತಿಗೆ ಹೋಗಿ ಪರೀಕ್ಷೆ ಪಾಸು ಮಾಡಿದಾಗಲೂ ಅವಳನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಈ ಕೆಲಸಕ್ಕೆ ಬಂದ ಎರಡನೆಯ ವಾರ ಒಂದು ಲೋಡನ್ನು ನಿಲ್ಲಿಸಿ ಇಳಿಸಿದಳು. ನೆಲ ಮುಟ್ಟಿ ಎರಡು ಉಸಿರೂ ಆಗಿರಲಿಲ್ಲ, ಸರಪಳಿಯ ಒಂದು ಕೊಂಡಿ ಬಾಯಿಬಿಟ್ಟಿತು. ಅಷ್ಟೇ ಸಾಕಾಯಿತು. ಕೈ ಎತ್ತಿ ನಿಂತ ಅವಳ ಫೋಟೋವನ್ನು ಆಳೆತ್ತರ ಮಾಡಿಸಿ ಗೇಟಿಗೆ ಹಾಕಿದರು. ಕೆಳಗೆ 'ಅನುಮಾನ ಬಂದರೆ ನಿಲ್ಲಿಸಿ' ಎಂದು ಬರೆಸಿದರು. ವಾರದೊಳಗೆ ಯಾರೋ ಪುಣ್ಯಾತ್ಮ ಅದಕ್ಕೊಂದು ಮೀಸೆ ಬರೆದ. ಆಮೇಲೆ ಇನ್ನೆರಡು ಸಲ ನಿಲ್ಲಿಸಿದಳು, ಎರಡೂ ಸಲ ಏನೋ ಒಂದು ಕಾರಣ ಸಿಕ್ಕಿತು.

ಹೆಸರಿನ ಹಿಂದೆಯೇ ಭಯವೂ ಬಂತು. ಸ್ಟೋರಿನಲ್ಲಿ ಹತ್ತು ತಪ್ಪು ಮಾಡಿದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಈಗ ಬೆಳಿಗ್ಗೆ ಗೇಟಿನಲ್ಲಿ ತನ್ನ ಮುಖ ಕಂಡರೆ ಸಾಕು, ತಲೆ ತಗ್ಗಿಸಿ ಬೇಗ ಬೇಗ ಒಳಗೆ ನಡೆಯುತ್ತಾಳೆ. ಫೋಟೋದ ಸುದ್ದಿ ಕೇಳಿದ ದಿನ ಅತ್ತೆ ಬಟ್ಟೆ ಮಡಿಸುತ್ತಾ ಹೇಳಿದ್ದರು: "ಒಳ್ಳೇದಾಯ್ತು ಬಿಡು. ಇನ್ಮೇಲೆ ತಪ್ಪಾದ್ರೆ ಯಾರು ಮಾಡಿದ್ದು ಅಂತ ಹುಡುಕೋ ಕಷ್ಟ ಇರಲ್ಲ ಅವರಿಗೆ." ಮನೆಮಂದಿಯೆಲ್ಲ ನಕ್ಕಿದ್ದರು, ಅವಳೂ ನಕ್ಕಿದ್ದಳು.

ನಿಲ್ಲಿಸಿದ ಮೇಲೆ ಒಂದು ಕ್ರಮವಿದೆ. ಲೋಡು ನೆಲಕ್ಕೆ ಬರಬೇಕು, ತಪಾಸಣೆ ಆಗಬೇಕು. ನಿಲ್ಲಿಸಿದವರು ಎಲ್ಲರಿಗೂ ಕೇಳುವ ಹಾಗೆ ವಾಕಿಟಾಕಿಯಲ್ಲಿ ಕಾರಣ ಹೇಳಬೇಕು. ಅದಕ್ಕೆ ಕಟ್ಟುವವರು, ಮೇಲೆ ಆರನೇ ಅಂತಸ್ತಿನಲ್ಲಿ ಇಳಿಸಿಕೊಳ್ಳುವವರು, ಕ್ರೇನು, ಕೊನೆಗೆ ಆಫೀಸು, ಹೀಗೆ ಒಬ್ಬೊಬ್ಬರಾಗಿ 'ಕೇಳಿಸ್ತು' ಅನ್ನಬೇಕು. ಎಲ್ಲರೂ ಅಂದ ಮೇಲೆಯೇ ಮತ್ತೆ ಎತ್ತುವುದು.

ಗೋಡೆ ಮೆಲ್ಲಗೆ ಇಳಿದು ಮರದ ದಿಮ್ಮಿಗಳ ಮೇಲೆ ಕೂತಿತು. ಲೋಡು ಕಟ್ಟುವವರ ಮುಖಂಡನನ್ನು ಎಲ್ಲರೂ ಗಂಟುಮಾವ ಅನ್ನುತ್ತಾರೆ. ಅವನು ಬಗ್ಗಿ ಒಂದೊಂದೇ ಕೊಂಡಿಯನ್ನು ಬೆರಳಲ್ಲಿ ಸವರುತ್ತಾ ಸುತ್ತು ಬಂದ.

"ಎಲ್ಲಾ ಸರಿಯಾಗೇ ಇದೆಯಲ್ಲಮ್ಮ," ಅಂದ. "ಏನು ಕಂಡಿತು ನಿನಗೆ?"

"ಒಂದು ತುದಿ ಬಾಗಿದ ಹಾಗಾಯ್ತು ಮಾವ."

"ನನಗೇನೂ ಕಾಣ್ಲಿಲ್ಲ."

ಕ್ರೇನಿನ ಗೂಡಿನಿಂದ, ಅದನ್ನು ನಡೆಸುವ ಮೇಲಿನಣ್ಣನ ದನಿ ಬಂತು: "ಅಕ್ಕ, ಇಲ್ಲಿ ಗಾಳಿನೂ ಇಲ್ಲ. ಮೀಟರು ನಿದ್ದೆ ಹೊಡೀತಿದೆ."

ಅವಳು ತಿರುಗಿ ನೆಲದತ್ತ ನೋಡಿದಳು. ಬೆಳಗಿನ ಹತ್ತು ಗಂಟೆಗೆ ಸೂರ್ಯ ಸರಿಯಾಗಿ ಕ್ರೇನಿನ ಬೆನ್ನಿಗಿರುತ್ತಾನೆ, ತಲೆ ಎತ್ತಿದರೆ ಕಣ್ಣು ಕತ್ತಲೆ. ಅದಕ್ಕೇ ಹಳೆಯ ಮೇಸ್ತ್ರಿ ಅವಳಿಗೆ ನೆರಳು ನೋಡುವುದನ್ನು ಕಲಿಸಿಕೊಟ್ಟಿದ್ದ: ಲೋಡು ಓಲಾಡಿದರೆ ನೆರಳೂ ಓಲಾಡುತ್ತದೆ, ಲೋಡು ವಾಲಿದರೆ ನೆರಳೂ ವಾಲುತ್ತದೆ. ಮೂರು ತಿಂಗಳು ಆ ನೆರಳು ಅವಳಿಗೆ ಮೋಸ ಮಾಡಿರಲಿಲ್ಲ. ಇವತ್ತು ಅದು ಹಾದುಹೋಗುವ ದಾರಿಯಲ್ಲಿ ಪ್ಲೈವುಡ್ ಹಲಗೆಗಳ ಒಂದು ಅಟ್ಟಿ ಇತ್ತು, ಮೊಳದೆತ್ತರ. ಸಮನೆಲದಿಂದ ಅಟ್ಟಿಯ ಮೇಲೆ ಹತ್ತುವಾಗ ನೆರಳಿನ ಅಂಚು ಮುರಿದು ಬಾಗಿತ್ತು. ಬಾಗಿದ್ದು ಗೋಡೆಯಲ್ಲ. ಆ ಹಲಗೆಗಳನ್ನು ಅಲ್ಲಿ ಇಡಿ ಎಂದು ಬೆಳಿಗ್ಗೆ ಎಂಟಕ್ಕೆ ಹೇಳಿದವಳೂ ಅವಳೇ.

ಇದಕ್ಕೆ ಇನ್ನೊಬ್ಬರನ್ನು ತೋರಿಸುವ ಹಾಗೂ ಇಲ್ಲ.

ಆಫೀಸಿನ ಎಂಜಿನಿಯರು ದೊಡ್ಡವರಿಗೆ ಏನೋ ಹೇಳಿ ನಗಿಸಿ, ಅವಳನ್ನು ನೀರಿನ ಟ್ಯಾಂಕಿನ ಹಿಂದೆ ಕರೆದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಎಷ್ಟೋ ಸಲೀಸಾಗುತ್ತಿತ್ತು.

"ಏನಮ್ಮ ಇದು, ಇವತ್ತೇ?"

"ನೆರಳು ನೋಡಿ ತಪ್ಪು ತಿಳ್ಕೊಂಡೆ ಸರ್. ಆ ಹಲಗೆ ಅಟ್ಟಿ..."

"ನನ್ನ ಹತ್ರ ಹೇಳಿದ್ರಲ್ಲ, ಇಲ್ಲಿಗೇ ಬಿಟ್ಬಿಡಿ. ನೆರಳಿಗೆ ಹೆದರಿ ಕ್ರೇನ್ ನಿಲ್ಲಿಸಿದ್ರು ಅಂತ ಗೊತ್ತಾದ್ರೆ ಅವರು ಊಟದ ತನಕ ನಗ್ತಾರೆ. ಗಾಳಿ ಅನ್ನಿ."

"ಗಾಳಿ ಇಲ್ಲ ಅಂತ ಮೇಲಿನಣ್ಣ ಅಂದ್ರಲ್ಲ ಸರ್."

"ಆಗ ಬೀಸಿತ್ತು, ಈಗ ನಿಂತಿದೆ. ಗಾಳಿಗೆ ಯಾರು ಸಾಕ್ಷಿ ಕೇಳ್ತಾರೆ?" ಅವರು ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. "ಇನ್ನೊಂದು ಮಾತು. ಇನ್ಮೇಲೆ ನಿಲ್ಲಿಸೋಕೆ ಮುಂಚೆ ನನ್ನನ್ನೊಂದು ಸಲ ಕೇಳಿ. ಫೋಟೋ ಅಲ್ಲೇ ಇರುತ್ತೆ, ಹೆಸರೂ ಇರುತ್ತೆ, ಶನಿವಾರ ಕಾಗದಾನೂ ಕೈಗೆ ಬರುತ್ತೆ. ತಲೆನೋವು ಮಾತ್ರ ನನಗಿರ್ಲಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಒಳ್ಳೆಯದಕ್ಕೇ ಹೇಳುತ್ತಿದ್ದರು, ಅದರಲ್ಲಿ ಸುಳ್ಳಿರಲಿಲ್ಲ. ಹೂಂ ಅಂದರೆ ಮುಗಿಯಿತು. ಯಾರೂ ನಗುವುದಿಲ್ಲ, ಅತ್ತೆಯ ತಮಾಷೆ ತಮಾಷೆಯಾಗಿಯೇ ಉಳಿಯುತ್ತದೆ, ಸ್ಟೋರಿನ ಕಿಟಕಿಯ ಹಿಂದೆ ಮತ್ತೆ ಕೂರಬೇಕಿಲ್ಲ. ಅವಳಿಗೆ ಹೂಂ ಅನ್ನಬೇಕು ಅಂತಲೇ ಇತ್ತು. ಆದರೆ ಎರಡನೆಯ ವಾರದ ಆ ಕೊಂಡಿ ಕಣ್ಣ ಮುಂದೆ ಬಂತು. ಅವತ್ತು ಎರಡೇ ಉಸಿರಿನ ಸಮಯ ಇದ್ದದ್ದು. ಆಫೀಸಿಗೆ ಕೇಳಿ, ಆಫೀಸಿನವರು ಫೋನಿನಲ್ಲಿದ್ದು, ಅವರು ಏನು ಎಂದು ತಿರುಗಿ ಕೇಳುವಷ್ಟರಲ್ಲಿ ಗಂಟುಮಾವ ಆ ಲೋಡಿನ ಕೆಳಗೆ ಇರುತ್ತಿದ್ದ. ನಗೆಪಾಟಲಾಗುವ ಭಯ ಒಂದು ಕಡೆ, ಈ ಭಯ ಒಂದು ಕಡೆ. ಎರಡನೆಯದು ತುಸು ದೊಡ್ಡದಿತ್ತು, ಅಷ್ಟೆ. ಧೈರ್ಯ ಅನ್ನುವಂಥದ್ದು ಅವಳಲ್ಲಿ ಆಗ ಏನೂ ಇರಲಿಲ್ಲ.

"ಯೋಚನೆ ಮಾಡ್ತೀನಿ ಸರ್," ಎಂದು ಹೇಳಿ ತನ್ನ ಜಾಗಕ್ಕೆ ನಡೆದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಆ ಇಪ್ಪತ್ತು ಹೆಜ್ಜೆ ಮುಗಿಯುವಷ್ಟರಲ್ಲಿ ಬೆನ್ನು ಒದ್ದೆಯಾಗಿತ್ತು. ಗುಂಡಿ ಒತ್ತಿದಳು.

"ನಿಲ್ಲಿಸಿದ್ದು ನಾನು. ಗಾಳಿ ಇರ್ಲಿಲ್ಲ, ಸರಪಳಿನೂ ಸರಿಯಾಗಿತ್ತು. ಹಲಗೆ ಅಟ್ಟಿ ಮೇಲೆ ನೆರಳು ಬಿದ್ದು ಬಾಗಿದ ಹಾಗೆ ಕಾಣ್ತು, ಲೋಡೇ ವಾಲ್ತು ಅಂದ್ಕೊಂಡೆ. ಅಟ್ಟಿ ಅಲ್ಲಿಡಿ ಅಂದಿದ್ದೂ ನಾನೇ. ತಪ್ಪು ನನ್ನದು. ಅಟ್ಟಿ ಈಗಲೇ ತೆಗೀಬೇಕು." ಉಸಿರು ಸಾಲದೆ ಒಂದು ಕ್ಷಣ ನಿಂತಳು. "ನಾಳೆ ಅನುಮಾನ ಬಂದ್ರೆ ನಾಳೆನೂ ನಿಲ್ಲಿಸ್ತೀನಿ. ಯಾರನ್ನೂ ಕೇಳಲ್ಲ. ನೀವೂ ಕೇಳಬೇಡಿ, ನಿಲ್ಲಿಸಿ."

ಯಾರದೋ ವಾಕಿಟಾಕಿಯಲ್ಲಿ ಕಿಸಕ್ಕನೆ ನಗು ಬಂದು ಅರ್ಧಕ್ಕೆ ಕಡಿದುಹೋಯಿತು. ಬಿಳಿ ಹೆಲ್ಮೆಟಿನವರಲ್ಲಿ ಒಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಅವಳ ಕಿವಿ ಕಾದ ಹೆಂಚಾಗಿತ್ತು.

ಗಂಟುಮಾವ ಹಲಗೆಗಳ ಅಟ್ಟಿಯನ್ನೊಮ್ಮೆ ನೋಡಿದ, ತಲೆ ಕೆರೆದುಕೊಂಡ. "ಕಟ್ಟೋರು, ಕೇಳಿಸ್ತು," ಅಂದ. ತನ್ನ ಇಬ್ಬರು ಆಳುಗಳಿಗೆ ಕೈಸನ್ನೆ ಮಾಡಿದ, ಅವರು ಹಲಗೆ ಎತ್ತಲು ಹೋದರು.

"ಆರನೇ ಅಂತಸ್ತು, ಕೇಳಿಸ್ತು."

ಮೇಲಿನಣ್ಣ ಗಂಟಲು ಸರಿಮಾಡಿಕೊಂಡ. "ಕ್ರೇನು. ಕೇಳಿಸ್ತು ಅಕ್ಕ."

ಇನ್ನು ಆಫೀಸು. ಎಂಜಿನಿಯರು ಬಿಳಿ ಹೆಲ್ಮೆಟಿನವರ ಪಕ್ಕದಲ್ಲಿ, ವಾಕಿಟಾಕಿಯನ್ನು ಎದೆಯ ಮಟ್ಟಕ್ಕೆ ಹಿಡಿದು ನಿಂತಿದ್ದರು. ಸಾಕು, ಎತ್ತಿಸಿ ಎಂದು ಅವಳಿಗೆ ಬರಿಗೈಯಲ್ಲಿ ಸನ್ನೆ ಮಾಡಿದರು. ಅವಳು ನೋಡಿದಳು, ಎತ್ತಿಸಲಿಲ್ಲ. ಗುಂಡಿ ಒತ್ತಿದಳು.

"ಆಫೀಸು, ಕೇಳಿಸ್ತಾ ಸರ್?"

ಗುಂಡಿ ಬಿಟ್ಟಳು. ಗೋಡೆ ದಿಮ್ಮಿಗಳ ಮೇಲಿತ್ತು, ಸರಪಳಿಗಳು ಸಡಿಲವಾಗಿ ಜೋತುಬಿದ್ದಿದ್ದವು. ಅಂತಸ್ತು ಅಂತಸ್ತಿನ ಅಂಚಿನಲ್ಲೂ ಕೆಲಸದವರು ಬಂದು ನಿಂತಿದ್ದರು. ಎಂಜಿನಿಯರ ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು.