ಹೊಸದಾಗಿಯೇ ಉಳಿದ ಬೂಟು

ಸುರಕ್ಷತಾ ಸಾಮಗ್ರಿಯನ್ನು ಚೆನ್ನಾಗಿ ಕಾಪಾಡಿದ್ದಕ್ಕೆ ನಮ್ಮ ಅರಣ್ಯ ಕಚೇರಿಯ ಸ್ಟೋರ್‌ಕೀಪರ್ ವಿಶ್ವಾರಾಧ್ಯರಿಗೆ ತರೀಕೆರೆಯಲ್ಲಿ ಪ್ರಶಸ್ತಿ ಕೊಟ್ಟರು. ಮೂರು ವರ್ಷದ ಹಿಂದೆ ಬಂದ ಹನ್ನೆರಡು ಜೊತೆ ಬೂಟಿನಲ್ಲಿ ಒಂದಕ್ಕೂ ಗೀರು ಬಿದ್ದಿರಲಿಲ್ಲ. ಬೀಳುವುದಾದರೂ ಎಲ್ಲಿಂದ? ಅವು ಬೀರುವಿನಿಂದ ಹೊರಗೇ ಬಂದಿರಲಿಲ್ಲ. ಕೇಳಿದರೆ, "ಹಾಳಾದ್ರೆ ಜವಾಬು ಯಾರಪ್ಪಾ ಕೊಡ್ತಾರೆ?" ಅನ್ನುತ್ತಿದ್ದರು.

ಹೆಬ್ಬೆ ಕಡೆಯ ಗುಡ್ಡಕ್ಕೆ ಬೆಂಕಿ ಬಿದ್ದ ದಿನ, ಬೆಂಕಿ ಕಾವಲಿನವನಾದ ನಾನು ಹವಾಯಿ ಚಪ್ಪಲಿಯಲ್ಲೇ ಹಸಿ ಸೊಪ್ಪು ಹಿಡಿದು ಬಡಿದೆ. ಚಪ್ಪಲಿ ಕರಗಿ ಅಂಗಾಲಿಗೆ ಅಂಟಿತು.

ಪ್ರಶಸ್ತಿಯ ದಿನ ಫೋಟೋಗೆ ಬೂಟು ಹಾಕಿಕೊಂಡ ಕಾವಲುಗಾರ ಬೇಕೆಂದು ಸಾಹೇಬರು ನನ್ನನ್ನೇ ವೇದಿಕೆಗೆ ಕರೆಸಿದರು. ಬ್ಯಾಂಡೇಜಿನ ಕಾಲನ್ನು ಒಳಗೆ ತುರುಕುತ್ತಿದ್ದಾಗ ವಿಶ್ವಾರಾಧ್ಯರು ಬಗ್ಗಿ ಪಿಸುಗುಟ್ಟಿದರು:

"ಹುಷಾರು ಕಣೋ ರಂಗಪ್ಪ, ಕೀವು ಗೀವು ಅಂಟಿಸ್ಬಿಟ್ಟೀಯ. ವಾಪಸ್ ಬೀರುಗೆ ಇಡ್ಬೇಕು."