ಗೆದ್ದ ಮರುದಿನ

“ಅದನ್ನು ಅಲ್ಲಿ ಇಡಬೇಡಿ ಅಂಕಲ್.”

ಮೆಲಿಸಾ ಪ್ರಜ್ಞೇಶನ ಮಣಿಕಟ್ಟು ಹಿಡಿದುಕೊಂಡಿದ್ದಳು. ಅವನ ಕೈಯಲ್ಲಿ ಒಂದು ಜೊತೆ ಹಳೇ ಬಾಕ್ಸಿಂಗ್ ಗ್ಲೌಸ್, ಕೆಳಗೆ ಬಿಳಿ ಶವಪೆಟ್ಟಿಗೆ. ಬಂದವರೆಲ್ಲ ಒಬ್ಬೊಬ್ಬರಾಗಿ ಎದ್ದು ಪೆಟ್ಟಿಗೆಯ ಮೇಲೆ ಒಂದೊಂದು ಹೂವಿಟ್ಟು ಹೋಗುವ ಹೊತ್ತು ಅದು.

“ನಿನ್ನಪ್ಪನ ಗ್ಲೌಸ್ ಇದು. ಅವನ ಜೊತೆ ಹೋಗ್ಬೇಕು,” ಎಂದ ಪ್ರಜ್ಞೇಶ, ದನಿ ತಗ್ಗಿಸದೆ. “ಕೈ ಬಿಡು. ಎರಡು ವರ್ಷ ಅವನ ಮುಖ ನೋಡದವಳು ಈಗ ಯಜಮಾನಿಕೆ ಮಾಡ್ಲಿಕ್ಕೆ ಬಂದಿದ್ದಾಳೆ.”

ಇಗರ್ಜಿಯ ಮೊದಲ ಸಾಲಿನಲ್ಲಿ ಕೂತಿದ್ದ ಮೇಬಲ್‌ಗೆ ಎಲ್ಲವೂ ಕೇಳಿಸಿತು. ಎದ್ದು ಹೋಗಿ ಮಗಳ ಪಕ್ಕ ನಿಲ್ಲಬೇಕು ಅನ್ನಿಸಿತು. ಏಳಲಿಲ್ಲ. ಪಾದ್ರಿ ಕೆಮ್ಮಿದರು. ಮೆಲಿಸಾ ಕೈ ಬಿಟ್ಟಳು. ಗ್ಲೌಸ್ ಹೂಗಳ ನಡುವೆ ಕೂತಿತು.

ಅವಳ ಗಂಡ ವಲೇರಿಯನ್ ನ್ಯುಮೋನಿಯಾದಿಂದ ತೀರಿಕೊಂಡು ಇಪ್ಪತ್ತಮೂರು ದಿನಗಳಾಗಿದ್ದವು. ಈ ಸ್ವೀಡನ್ನಿನಲ್ಲಿ ಸತ್ತವರೂ ಮಣ್ಣಿಗಾಗಿ ಸರದಿ ಕಾಯಬೇಕು. ಬದುಕಿದ್ದಾಗ ಅವನು ಮೋಲ್ನ್‌ಡಾಲ್‌ನ ಒಂದು ಶಾಲೆಯ ಕೇರ್‌ಟೇಕರ್ ಆಗಿದ್ದ. ಮುರಿದ ಕುರ್ಚಿಗೆ ಮೊಳೆ ಹೊಡೆಯುವುದು, ಮಕ್ಕಳು ಬರುವ ಮೊದಲು ಮೆಟ್ಟಿಲ ಮೇಲಿನ ಹಿಮ ಗೋರಿ ತೆಗೆಯುವುದು ಅವನ ಕೆಲಸ. ಸಂಜೆಯಾದರೆ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಬಾಕ್ಸಿಂಗ್ ಕಲಿಸುತ್ತಿದ್ದ. ಹಿಂದಿನ ಸಾಲುಗಳಲ್ಲಿ ಕ್ಲಬ್ಬಿನ ನೀಲಿ ಜಾಕೆಟ್ ತೊಟ್ಟ ಮಕ್ಕಳೂ ಅವರ ತಂದೆತಾಯಂದಿರೂ ಕೂತಿದ್ದರು. ಅವರಿಗೆಲ್ಲ ವಲೇರಿಯನ್ ‘ಚಾಂಪಿಯನ್’. ಮೆಲಿಸಾ, ಚಾಂಪಿಯನ್ನನ ಎದೆ ಒಡೆದು ಅವನನ್ನು ಬಿಟ್ಟುಹೋದ ಮಗಳು.

*

ಎರಡು ವರ್ಷದ ಹಿಂದೆ, ಒಂದು ಭಾನುವಾರದ ಬೆಳಿಗ್ಗೆ ಮೇಬಲ್ ನೀರುದೋಸೆ ಹೊಯ್ಯುತ್ತಿದ್ದಳು. ಮೆಲಿಸಾ ಬಾಕ್ಸಿಂಗ್‌ನಲ್ಲಿ ನಾರ್ಡಿಕ್ ಚಾಂಪಿಯನ್ ಆಗಿ ಇನ್ನೂ ಒಂದು ದಿನ ತುಂಬಿರಲಿಲ್ಲ. ಹುಬ್ಬಿನ ಮೇಲೆ ಹೊಲಿಗೆ ಹಾಕಿಸಿಕೊಂಡು ಮೇಜಿನ ಮುಂದೆ ಕೂತಿದ್ದಳು. ಎದುರಿಗೆ ವಲೇರಿಯನ್ ಮುಂದಿನ ಪಂದ್ಯಗಳ ಪಟ್ಟಿ ಬರೆಯುತ್ತಿದ್ದ.

“ಪಪ್ಪಾ, ನಾನು ನಿಲ್ಲಿಸ್ತೇನೆ.”

“ಎರಡು ವಾರ ರೆಸ್ಟ್ ತಗೋ.”

“ರೆಸ್ಟ್ ಅಲ್ಲ. ಪೂರ್ತಿ ನಿಲ್ಲಿಸ್ತೇನೆ. ಓರೆಬ್ರೂ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ.”

ವಲೇರಿಯನ್ ಪೆನ್ನು ಕೆಳಗಿಟ್ಟ. “ಸೋತವರು ಬಿಡ್ತಾರೆ. ಗೆದ್ದವರು ಯಾರಾದ್ರೂ ಬಿಡ್ತಾರಾ?”

“ಗೆದ್ದಾಗಲೇ ಬಿಡ್ಬೇಕು ಪಪ್ಪಾ. ಸೋತ ಮೇಲೆ ಬಿಡ್ಲಿಕ್ಕೆ ಆಗುವುದಿಲ್ಲ. ಇನ್ನೊಂದು ಸಲ ಗೆದ್ದು ಬಿಡುವಾ ಅಂತ ಮತ್ತೆ ಮತ್ತೆ ಹೋಗ್ತಾರೆ.”

ಅವನ ಮುಖ ಬಿಗಿದುಕೊಂಡಿತು. ಎರಡು ತಿಂಗಳ ಹಿಂದೆ ಡಾಕ್ಟರು ಅವನ ತಲೆಯ ಸ್ಕ್ಯಾನ್ ತೋರಿಸಿದ್ದರು. ವರ್ಷಗಟ್ಟಲೆ ಪೆಟ್ಟು ತಿಂದ ಮಿದುಳು ಸೊರಗುತ್ತಿದೆ, ಮರೆವು ಹೆಚ್ಚುತ್ತಲೇ ಹೋಗುತ್ತದೆ ಎಂದಿದ್ದರು. ಆ ಸ್ವೀಡಿಶ್ ಮಾತುಗಳನ್ನು ಒಂದೊಂದಾಗಿ ಅವನಿಗೆ ಬಿಡಿಸಿ ಹೇಳಿದವಳು ಮೆಲಿಸಾಳೇ. ಮನೆಗೆ ಬಂದವನೇ ಅವನು ಮೇಬಲ್‌ಳ ಕೈಯನ್ನು ಗೋಡೆಯ ಶಿಲುಬೆಗೆ ಮುಟ್ಟಿಸಿದ್ದ. ಕ್ಲಬ್ಬಿನ ಒಬ್ಬರಿಗೂ ತಿಳಿಯಬಾರದು. ತಿಳಿದರೆ ಮಕ್ಕಳನ್ನು ಕಳಿಸುವವರು ಯಾರು?

“ನನ್ನನ್ನು ನೋಡಿ ಹೆದರಿದಿಯಾ?” ಎಂದು ಕೇಳಿದ.

ಮೆಲಿಸಾ ಹುಬ್ಬಿನ ಹೊಲಿಗೆ ಮುಟ್ಟಿಕೊಂಡಳು.

“ಹೇಡಿ! ಹೇಡಿಗಳಿಗೆ ಈ ಮನೆಯಲ್ಲಿ ಅನ್ನ ಇಲ್ಲ.” ದೋಸೆಯ ತಟ್ಟೆಯನ್ನು ಅವಳ ಮುಂದಿನಿಂದ ಎಳೆದುಕೊಂಡ.

ಮೇಬಲ್ ಒಲೆ ಆರಿಸಿದಳು. ಒಂದು ಮಾತೂ ಆಡಲಿಲ್ಲ.

ಆಮೇಲೂ ಆಡಲಿಲ್ಲ. ವಲೇರಿಯನ್ ಶಾಲೆಗೆ ಹೋಗುವುದು ನಿಂತಿತು, ಕ್ಲಬ್ಬಿಗೆ ಹೋಗುವುದೂ ನಿಂತಿತು. ಯಾಕೆ ಎಂದು ಜನ ಕೇಳಿದರು. ಮಗಳ ಕೊರಗು ಇರಬೇಕು ಎಂದು ಉತ್ತರವನ್ನೂ ಅವರೇ ಹೇಳಿಕೊಂಡರು. ಮೇಬಲ್ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಹಾಗೆ ಸುಮ್ಮನಿರುವುದು ಸುಲಭವಾಗಿತ್ತು.

*

ಮಣ್ಣು ಮಾಡಿ ಬಂದವರು ಇಗರ್ಜಿಯ ಪಕ್ಕದ ಹಾಲ್‌ನಲ್ಲಿ ಕಾಫಿಗೆ ಕೂತರು. ಮೆಲಿಸಾ ಕೂತ ಮೇಜಿಗೆ ಯಾರೂ ಬರಲಿಲ್ಲ. ಪ್ರಜ್ಞೇಶ ಕಪ್ಪು ಹಿಡಿದು ನಡುವೆ ನಿಂತ. ಮಂಗಳೂರಿನ ದಿನಗಳಿಂದ ವಲೇರಿಯನ್ನನ ಅಭ್ಯಾಸದ ಜೊತೆಗಾರ ಅವನು. ಈಗ ಲುಂಡ್‌ನ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕ್. ಇಪ್ಪತ್ತು ವರ್ಷಗಳಿಂದ ರಜೆ ಸಿಕ್ಕಾಗಲೆಲ್ಲ ಇಲ್ಲಿಗೆ ಬಂದು ಹೋಗುತ್ತಿದ್ದ. ಈಚೆಗೆ ಮಾತ್ರ, ಅವರಿಗೆ ಯಾರನ್ನೂ ನೋಡುವುದು ಬೇಡವಂತೆ ಎಂದು ಮೇಬಲ್ ಅವನನ್ನೂ ತಡೆದಿದ್ದಳು.

“ಕೈಯಲ್ಲಿ ಚಿನ್ನ ಇತ್ತು,” ಎಂದ ಅವನು ಮೆಲಿಸಾಳನ್ನೇ ನೋಡುತ್ತ. “ಬಿಸಾಡಿ ಹೋದ್ಲು. ವಲೇರಿಯನ್ ಸತ್ತದ್ದು ಆವತ್ತೇ ಮಾರಾಯ್ರೆ. ಹೂತದ್ದು ಇವತ್ತು, ಅಷ್ಟೆ.”

“ನಿಮಗೆ ಗೊತ್ತಿಲ್ಲ ಅಂಕಲ್.”

“ಎಂತ ಗೊತ್ತಿಲ್ಲ? ಹೇಳು, ಎಲ್ಲರೂ ಕೇಳಲಿ.”

ಮೆಲಿಸಾ ತಾಯಿಯ ಕಡೆ ನೋಡಿ ತಲೆ ತಗ್ಗಿಸಿದಳು. ಶಿಲುಬೆ ಮುಟ್ಟಿ ಆಣೆ ಮಾಡಿದವಳು ಮೇಬಲ್. ಆಣೆಯನ್ನೇ ಇಡದ ಮಗಳು ಎರಡು ವರ್ಷ ಬೈಗುಳ ತಿಂದು ಅದನ್ನು ಕಾಯ್ದಿದ್ದಳು.

ಮೇಬಲ್ ಎದ್ದು ನಿಂತಳು.

“ನಾನು ಹೇಳ್ತೇನೆ ಪ್ರಜ್ಞೇಶ್. ತೊಂಬತ್ತಾರರಲ್ಲಿ ಇವರು ನ್ಯಾಷನಲ್ ಗೆದ್ದು ಬಂದರು. ಸಾಕು, ಇಲ್ಲಿಗೆ ನಿಲ್ಲಿಸುವಾ ಅಂತ ನಾನು ಕಾಲು ಹಿಡಿದೆ. ಒಪ್ಪಿದ್ದರು. ಮರುದಿನ ಬೆಳಿಗ್ಗೆ ಮನೆಗೆ ಬಂದು ‘ಇನ್ನೊಂದೇ ವರ್ಷ’ ಅಂದವರು ಯಾರು?”

“ಅದು ಹಳೇ ಕಥೆ ಮೇಬಲಕ್ಕ.”

“ಒಂದು ವರ್ಷ ಏಳು ವರ್ಷ ಆಯ್ತು. ಆ ಏಳು ವರ್ಷದ ಪೆಟ್ಟು ಇವರ ತಲೆಯನ್ನು ತಿಂದು ಹಾಕಿತು. ಕೊನೆಗೆ ಚಮಚ ಹಿಡಿಯುವುದೂ ಮರೆತಿತ್ತು. ನನ್ನನ್ನು ‘ಸಿಸ್ಟರ್’ ಅಂತ ಕರೀತಿದ್ರು. ಮಗಳು ಬಿಟ್ಟದ್ದು ಇವರ ತಲೆಯ ಸ್ಕ್ಯಾನ್ ನೋಡಿ.”

ಅಷ್ಟನ್ನೂ ಅವಳು ಮತ್ತೆ ಸ್ವೀಡಿಶ್‌ನಲ್ಲಿ ಹೇಳಿದಳು, ಕ್ಲಬ್ಬಿನವರ ಕಡೆ ತಿರುಗಿ, ತಡವರಿಸುತ್ತ. ಒಬ್ಬ ತಾಯಿ ಮಗನ ತಲೆಯ ಮೇಲೆ ಕೈಯಿಟ್ಟು ತೆಗೆಯದೇ ಕೂತಳು. ಇನ್ನೊಬ್ಬಳು ಸಿಟ್ಟಿನಿಂದ ಕೇಳಿದಳು, “ಇಷ್ಟು ದಿನ ನಮಗೆ ಯಾಕೆ ಹೇಳಲಿಲ್ಲ?”



“ಸುಳ್ಳು!” ಪ್ರಜ್ಞೇಶ ಕಪ್ಪನ್ನು ಮೇಜಿಗೆ ಕುಕ್ಕಿದ. “ಅವನು ತಿಂದಷ್ಟೇ ಪೆಟ್ಟು ನಾನೂ ತಿಂದಿದ್ದೇನೆ. ನನಗೆ ಎಂತ ಆಗಿದೆ? ಮಗಳ ತಪ್ಪು ಮುಚ್ಚಲಿಕ್ಕೆ ಸತ್ತವನನ್ನು ಹುಚ್ಚ ಮಾಡ್ತೀರಾ?” ಕೋಟು ಎತ್ತಿಕೊಂಡು ಹೊರಟೇಹೋದ.

ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ಮೆಲಿಸಾ ಕಿಟಕಿಯ ಹತ್ತಿರ ಬಂದು ನಿಂತಳು. ಮೇಬಲ್ ಅವಳ ತೋಳು ಮುಟ್ಟಲು ಹೋದಳು.

“ಬೇಡ ಮಮ್ಮಿ,” ಎಂದಳು ಮೆಲಿಸಾ. “ಪಪ್ಪನಿಗೆ ನನ್ನ ಹೆಸರು ನೆನಪಿರುವಾಗ ಹೇಳ್ಬೇಕಿತ್ತು ನೀನು.”

ಮೇಬಲ್ ಕೈ ಹಿಂದೆ ತೆಗೆದುಕೊಂಡಳು. ಇಬ್ಬರೂ ಹೊರಗೆ ನೋಡುತ್ತ ನಿಂತರು. ಸ್ಟೇಷನ್ನಿಗೆ ಹೋಗುವ ಬಸ್ಸು ಇಗರ್ಜಿಯ ಬದಿಗೇ ಬಂದು, ನಿಂತು, ಹೊರಟಿತು. ಇಪ್ಪತ್ತು ವರ್ಷಗಳಿಂದ ಲುಂಡ್‌ಗೆ ಮರಳಲು ಹತ್ತುತ್ತಿದ್ದ ಆ ಬಸ್ಸನ್ನು ಪ್ರಜ್ಞೇಶ ಹತ್ತಲಿಲ್ಲ. ಅವನು ರಸ್ತೆಯ ಆಚೆ ಬದಿಯ ನಿಲ್ದಾಣದಲ್ಲಿದ್ದ. ಕೋಟು ಇನ್ನೂ ಕೈಯಲ್ಲೇ ಇತ್ತು. ಊರ ಹೊರಗೆ ಹೋಗುವ ಬಸ್ಸುಗಳಿಗೆಲ್ಲ ಕೈ ಅಡ್ಡ ಹಿಡಿಯುತ್ತಿದ್ದ. ಬಾಗಿಲು ತೆರೆದಾಗ ಒಳಗೆ ಇಣುಕಿ, ಹತ್ತದೆ, ಹಿಂದೆ ಸರಿಯುತ್ತಿದ್ದ.

ಮೂರನೆಯ ಬಸ್ಸೂ ಹೋಯಿತು. ಮೆಲಿಸಾ ಮೈಮೇಲೆ ಕೋಟೂ ಇಲ್ಲದೆ ಹೊರಗೆ ನಡೆದಳು. ರಸ್ತೆ ದಾಟಿ ಅವನ ತೋಳು ಹಿಡಿದಳು.

ಪ್ರಜ್ಞೇಶ ಥಟ್ಟನೆ ತಿರುಗಿದ. ಅವಳು ಯಾರೆಂದು ತಿಳಿಯದವನಂತೆ ನೋಡಿದ. ಕೋಟು ಹಿಮದ ಮೇಲೆ ಬಿತ್ತು. ಗದ್ದ ತಗ್ಗಿಸಿ, ಎರಡೂ ಮುಷ್ಟಿಗಳನ್ನು ಮುಖದ ಮುಂದೆ ಎತ್ತಿ ಹಿಡಿದ. ಮೆಲಿಸಾ ಕೈ ಇಳಿಬಿಟ್ಟು ಅವನೆದುರಿಗೆ ನಿಂತೇ ಇದ್ದಳು.