ಹಗ್ಗದ ಮೇಲಿನ ಕೆಂಪು ಕೌದಿ

ನಮ್ಮೂರಿಗೆ ರೈಲು ಬರಲಿಲ್ಲ, ರೈಲಿನ ಸಾಲ ಮಾತ್ರ ಬಂತು. ಉತ್ತರ-ದಕ್ಷಿಣದವರ ಯುದ್ಧ ಮುಗಿದ ಹೊಸತರಲ್ಲಿ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಸ್ಟೇಷನ್ ಕಟ್ಟಿಸಿ ಊರಿನ ಹೆಸರಲ್ಲಿ ಸಾಲದ ಬಾಂಡ್ ಬರೆದುಕೊಟ್ಟ ದೊಡ್ಡಮನುಷ್ಯರು ಈಗ ಮಿಸೌರಿ ರಾಜ್ಯದಲ್ಲೇ ಇಲ್ಲ. ರೈಲು ಕಂಪನಿ ಹಣ ನುಂಗಿ ಮುಳುಗಿತು. ಬಾಂಡ್ ಕೊಂಡಿದ್ದ ನ್ಯೂಯಾರ್ಕಿನವರು ಕೋರ್ಟಿಗೆ ಹೋಗಿ ಗೆದ್ದರು. ಅವರದು ತಪ್ಪೆನ್ನಲಾರೆ, ಕೊಟ್ಟದ್ದನ್ನು ಕೇಳಿದರು.

ಆದರೆ ಗೆದ್ದು ಮಾಡುವುದೇನು? ಊರಿನ ಶಾಲೆ, ಸೇತುವೆ, ಬಾವಿ ಜಪ್ತಿ ಮಾಡುವಂತಿಲ್ಲ. ಉಳಿದದ್ದು ಒಂದೇ ದಾರಿ. ತೆರಿಗೆ ಹಾಕಿ ಸಾಲ ತೀರಿಸಿ ಎಂದು ಕೋರ್ಟು ಪುರಸಭೆಯ ಸದಸ್ಯರಿಗೆ ಆಜ್ಞೆ ಹೊರಡಿಸುವುದು, ಅದನ್ನು ಕೋರ್ಟಿನ ಅಧಿಕಾರಿ ಮಾರ್ಷಲ್ ತಂದು ಅವರ ಕೈಗೇ ಕೊಡುವುದು. ಕೈಗೆ ಬಂದ ಮೇಲೆ ತೆರಿಗೆ ಹಾಕದಿದ್ದರೆ ಜೈಲು, ಹಾಕಿದರೆ ಅರ್ಧ ಊರಿನ ಹೊಲ ಹರಾಜು. ಹೀಗಾಗಿ ನಾವು ಬುದ್ಧಿವಂತರನ್ನು ಬಿಟ್ಟು ಕಾಲು ಗಟ್ಟಿ ಇದ್ದವರನ್ನು ಆರಿಸತೊಡಗಿದೆವು. ಅವರು ಗುಡ್ಡದ ಕಾಡಿನಲ್ಲಿ ಅಡಗಿ, ಗುಹೆಯಲ್ಲಿ ಸಭೆ ನಡೆಸುತ್ತಿದ್ದರು.

ಮಾರ್ಷಲ್ ಬಂದು ಸದಸ್ಯನ ಮನೆಯಲ್ಲಿ ಕಾದು ಕೂತರೆ, ಹೆಂಡತಿ ಅಂಗಳದ ಹಗ್ಗಕ್ಕೆ ಕೆಂಪು ಕೌದಿ ಹಾಕಬೇಕು. ಗುಡ್ಡದ ಮೇಲಿನ ಗಂಡನಿಗೆ ಅದು ಕಾಣುತ್ತದೆ. ಕೌದಿ ಇರುವ ತನಕ ಊರವರೂ ಆ ಮನೆಗೆ ಕಾಲಿಡುವಂತಿಲ್ಲ. ಯಾರ ಬಾಯಿಂದಲಾದರೂ ಗುಟ್ಟು ಬಿದ್ದೀತೆಂಬ ಭಯ.

ನಮ್ಮ ಎದುರುಮನೆಯ ಏಸಾ ಪ್ರೂಯಿಟ್ ಹೀಗೆ ಆರಿಸಿ ಬಂದವನು. ಹಗ್ಗ ಖಾಲಿಯಿದ್ದ ಸಂಜೆ ಇಳಿದು ಬಂದು, ಹೆಂಡತಿ ಲವೀನಿಯ ಮಾಡಿದ ಮೆಕ್ಕೆಜೋಳದ ರೊಟ್ಟಿ ತಿಂದು ಹೋಗುತ್ತಿದ್ದ. ಆಗಸ್ಟಿನಲ್ಲಿ ಅವಳಿಗೆ ಜ್ವರ ಹಿಡಿಯಿತು. ಆರೈಕೆಗೆ ಇಲಿನಾಯ್‌ನಿಂದ ಅವಳ ತಾಯಿ ಡ್ರುಸಿಲಾ ಬಂದಳು. ಆಕೆಗೆ ನಮ್ಮ ರಿವಾಜು ಗೊತ್ತಿರಲಿಲ್ಲ, ಹೇಳಬೇಕೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ಒಂದು ರಾತ್ರಿ ಜ್ವರ ಏರಿ ಮಗಳಿಗೆ ಮೈಮೇಲೆ ಎಚ್ಚರ ತಪ್ಪಿತು. ಬೆವರಿನಲ್ಲಿ ತೊಯ್ದ ಕೆಂಪು ಕೌದಿಯನ್ನು ತಾಯಿ ಒಗೆದು ಹಗ್ಗಕ್ಕೆ ಹಾಕಿದಳು.

ಜಿಟಿಜಿಟಿ ಮಳೆ ಹಿಡಿದು ಕೌದಿ ಒಣಗಲಿಲ್ಲ. ಮುದುಕಿ ಮಗಳ ಪಕ್ಕದಿಂದ ಏಳಲೂ ಇಲ್ಲ. ಮಾರ್ಷಲ್‌ನ ಕುದುರೆ ಕಾಣದಿದ್ದರೂ, ಕೊಟ್ಟಿಗೆಯಲ್ಲಿ ಬಚ್ಚಿಟ್ಟಿರಬೇಕು ಅಂದುಕೊಂಡೆವು. ಎಷ್ಟು ಜಾಣರು ನಾವು! ಒಮ್ಮೆ ಮುದುಕಿ ಜಗಲಿಗೆ ಬಂದು ಯಾರಾದರೂ ಬನ್ನಿ ಎಂದು ಕೂಗಿದಳು. ಮಾರ್ಷಲನೇ ಕೂಗಿಸುತ್ತಿದ್ದಾನೆಂದು ಊರೆಲ್ಲ ಕಿಟಕಿ ಮುಚ್ಚಿಕೊಂಡಿತು. ನನ್ನದೂ ಮುಚ್ಚಿತ್ತು.

ಮಳೆ ಬಿಟ್ಟ ಬೆಳಗ್ಗೆ ಹಗ್ಗ ಖಾಲಿಯಾಗಿತ್ತು. ಪೀಡೆ ತೊಲಗಿತೆಂದು ನಾನು ರೊಟ್ಟಿ ಹಿಡಿದು ಓಡಿದೆ. ಏಸಾ ಟೋಪಿಯ ತುಂಬ ಕಾಡುಹಣ್ಣು ಹೊತ್ತು ಸಿಳ್ಳೆ ಹಾಕುತ್ತ ಇಳಿದು ಬಂದ. ಇಬ್ಬರೂ ಒಟ್ಟಿಗೆ ಒಳಗೆ ಹೋದೆವು. ಲವೀನಿಯಳ ಹೆಣಕ್ಕೆ ತಾಯಿ ಆ ಕೌದಿಯನ್ನು ಹೊದಿಸಿದ್ದಳು. ಅದಿನ್ನೂ ಹಸಿಯಾಗಿತ್ತು.

"ಈಗ ಬಂದ್ಯಾ? ಕಡೇ ತನಕ ನಿನ್ನ ಹೆಸರೇ ಕರೀತಿದ್ಲು" ಎಂದಳು ಮುದುಕಿ. "ಗುಡ್ಡದ ಮೇಲೆ, ಈ ಮನೆ ಹೊಗೆ ಕಾಣೋ ಅಷ್ಟು ಹತ್ರ ನೀನು ಕೂತಿದ್ದೆ. ಎಲ್ಲಿ ಸತ್ತಿದ್ದೆ?"

ಏಸಾ ಕೌದಿಯನ್ನು ನೋಡುತ್ತ ನಿಂತ. ಆಮೇಲೆ ಹೊರಗಿನ ಹಗ್ಗ ನೋಡಿದ. ಅವನಿಗೆ ತಿಳಿಯಿತು, ನನಗೂ ತಿಳಿಯಿತು.

"ಅಮ್ಮಾ, ಆ ಕೌದಿ..." ಎಂದು ನಾನು ಬಾಯಿ ತೆರೆದೆ. ಅವನು ನನ್ನ ಮಣಿಕಟ್ಟು ಹಿಡಿದ.

"ಹೆದ್ರಿಕೆ ಆಯ್ತು ಅತ್ತೆ" ಎಂದ. "ಜೈಲಿಗೆ ಹಾಕ್ತಾರೆ ಅಂತ ಹೆದ್ರಿ ಬರ್ಲಿಲ್ಲ."

ಮುದುಕಿ ಅವನ ಮುಖಕ್ಕೆ ಉಗಿದಳು. ಅವನು ಒರೆಸಿಕೊಳ್ಳಲಿಲ್ಲ. ಮಣ್ಣು ಮಾಡಿದ ಮೇಲೆ ಮನೆಮನೆಗೆ ಬಂದು, ಅತ್ತೆಯ ಕಿವಿಗೆ ಕೌದಿಯ ಮಾತು ಬೀಳಬಾರದೆಂದು ಕೈಮುಗಿದ. ಹೇಡಿ ಅಳಿಯನನ್ನು ಶಪಿಸುತ್ತಲೇ ಆಕೆ ಇಲಿನಾಯ್‌ಗೆ ಹೋದಳು. ಶಪಿಸುತ್ತಲೇ ಸತ್ತಳಂತೆ.

ಮುಂದಿನ ಸಲ ಮಾರ್ಷಲ್ ಬಂದಾಗ ಏಸಾ ಜಗಲಿಯಲ್ಲೇ ಕೂತಿದ್ದ. ಓಡಲಿಲ್ಲವೇಕೆ ಎಂದು ಮಾರ್ಷಲನೇ ಕೇಳಿದ.

"ಓಡ್ಹೋದ್ರೆ ತಿರುಗಿ ಬರೋಕೆ ಮನೆಯಲ್ಲಿ ಯಾರಿದಾರೆ?" ಎಂದು ಏಸಾ ಕೋರ್ಟಿನ ಆಜ್ಞೆಗೆ ಕೈ ಚಾಚಿದ. ತೆರಿಗೆ ಮಾತ್ರ ಹಾಕಲಿಲ್ಲ, ಜೈಲಿಗೆ ಹೋದ. ನಮ್ಮ ಹೊಲಗಳು ಉಳಿದವು.